ಎಣ್ಣೆ ಕುಡಿದ ಹಲಗೆ

ಕೇಣಿಯ ಕಡಲದಂಡೆಯ ಕೆಲವು ಮನೆಗಳಲ್ಲಿ, ಗಾಡಿಗೆ ಜಾಕ್ ಕೊಡುವ ಮೊದಲು ಕೆಳಗಿನ ಹಲಗೆಗೆ ಒಂದು ಹಿಡಿ ಮರಳು ಚೆಲ್ಲುತ್ತಾರೆ. ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದರು. ಮೊದಲು ಮರಳು ಚೆಲ್ಲಿದ ಮಂಗಲಾಬಾಯಿಯ ಬಾಯಿಂದ ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

೨೦೦೭ರ ದೀಪಾವಳಿ ಕಳೆದ ಭಾನುವಾರ. ಆಕೆಯ ಗಂಡ ತುಳಸಿದಾಸನ ಹಳೆಯ ಎಸ್‌ಯುವಿ ದಂಡೆಯಿಂದ ಕಾರವಾರದ ಪೇಟೆಗೆ ಮೀನು ಹೊರುತ್ತಿತ್ತು. ದಾರಿಯ ಮರಳದಿಬ್ಬಕ್ಕೆ ಅದರ ಹೊಟ್ಟೆ ತಾಗುತ್ತಿತ್ತು. ಒಮ್ಮೆ ಅಲ್ಲೇ ಸಿಕ್ಕಿಬಿದ್ದು ಕಡಲ ಉಬ್ಬರದ ನೀರು ಸೀಟಿನವರೆಗೆ ಏರಿತ್ತು. ಹಿಂಬದಿಯನ್ನು ಮೂರು ಇಂಚು ಎತ್ತರಿಸಲು ಮಂಗಲಾಳ ತಮ್ಮ ರೋಷನ ಬಂದಿದ್ದ. ಅವನು ಶಿರವಾಡದ ಗ್ಯಾರೇಜೊಂದರ ಮೆಕ್ಯಾನಿಕ್. ಅಚ್ಚಿಗೂ ಸ್ಪ್ರಿಂಗ್ ಪಟ್ಟಿಗೂ ನಡುವೆ ಕೂಡಿಸಲು ಎರಡು ಕಬ್ಬಿಣದ ಗಟ್ಟಿ ತಂದಿದ್ದ.

"ಮೂರಿಂಚು ಸಾಕನಾ, ತಮಾ?"

"ಇನ್ನೂ ಎತ್ತಿದ್ರೆ ಅಕ್ಕಂಗೆ ಹತ್ತೂಕೆ ಏಣಿ ಬೇಕಾತದೆ, ಭಾವಾ."

"ನಂಗೆಂತಕ್ಕೆ ಏಣಿ? ಹೊಟ್ಟೆ ಅಡ್ಡ ಬರೂದು ನಿನ್ನ ಭಾವಂಗೆ," ಎಂದಳು ಮಂಗಲಾ.

ಅಂಗಳವೆಲ್ಲ ಮರಳು. ಗಾಡಿ ಹೊರುವ ಕಬ್ಬಿಣದ ಸ್ಟ್ಯಾಂಡ್ ಹೂತುಹೋಗದಂತೆ ರೋಷನ ದಪ್ಪ ಹಲಗೆ ಕೇಳಿದ. ತುಳಸಿದಾಸ ದೋಣಿಯಡಿಯಿಂದ ಎರಡನ್ನು ಎಳೆದು ತಂದ.

"ಎಣ್ಣೆ ವಾಸನೆ ಬರ್ತದಲ್ಲ?"

"ಮಳೆಗಾಲಕ್ಕೆ ಮೊದ್ಲು ಹಚ್ಚದ್ದು, ಒಣಗಿ ಕಲ್ಲಾಗದೆ. ದೋಣಿ ಹೊತ್ತ ಹಲಗೆ ಮಾರಾಯಾ, ನಿನ್ನ ಗಾಡಿ ಹೊರೂದಿಲ್ವನಾ?"

ಹೊರುವುದೇನೋ ಹೊತ್ತಿತು. ಆದರೆ ಅವು ದೋಣಿಯನ್ನು ನೀರಿಗೆ ಜಾರಿಸುವ ಹಲಗೆಗಳು. ವರ್ಷಗಟ್ಟಲೆ ತಾರ್ಲಿ ಮೀನಿನ ಎಣ್ಣೆ ಕುಡಿದಿದ್ದವು. ಬೆಳಗಿನ ತಂಪಿನಲ್ಲಿ ಸ್ಟ್ಯಾಂಡ್ ಅಲುಗಲಿಲ್ಲ. ಎಡಬದಿ ಹನ್ನೊಂದಕ್ಕೆ ಮುಗಿಯಿತು.

ಮಧ್ಯಾಹ್ನ ಬಲಬದಿಯ ಬೋಲ್ಟುಗಳು ಬಿಚ್ಚಿದ್ದವು. ರೋಷನ ಗಾಡಿಯಡಿ ಮಲಗಿ, ಗಟ್ಟಿಯನ್ನು ಸಂದಿಗೆ ತೂರಿಸಿ, ಅದರ ಗೂಟ ಅಚ್ಚಿನ ತೂತಿನಲ್ಲಿ ಕೂತಿತೋ ಎಂದು ಬಲಗೈ ಬೆರಳುಗಳಿಂದ ತಡವುತ್ತಿದ್ದ. ಬಿಸಿಲಿಗೆ ಹಲಗೆ ಬೆವತು ಮಿನುಗುವುದು ಮಂಗಲಾಳಿಗೆ ಕಂಡಿತು. ಸ್ಟ್ಯಾಂಡಿನ ಕಾಲು ಒಂದು ಬೆರಳಷ್ಟು ಸರಿದಿತ್ತು. ಸದ್ದೇ ಇರಲಿಲ್ಲ.

"ತಮಾ, ಕೈ ತೆಗಿ!"

"ಬರೂದಿಲ್ಲ ಅಕ್ಕಾ. ಹಿಡಕಂಡದೆ."

ಸ್ಟ್ಯಾಂಡ್ ಹಲಗೆಯಂಚು ದಾಟಿದರೆ ಗಾಡಿಯ ಭಾರವೆಲ್ಲ ಆ ಬೆರಳುಗಳ ಮೇಲೆ. ತುಳಸಿದಾಸ ಕೂಗಿದ. ಬಲೆ ಹೆಣೆಯುತ್ತಿದ್ದ ಆರು ಮಂದಿ ಓಡಿಬಂದು ಹಿಂದಿನ ಬಂಪರ್ ಹಿಡಿದು ಮರಳಿನಲ್ಲಿ ಕಾಲೂರಿದರು. ದಂಡೆಯವರ ಕೈಗೆ ಹಿಡಿದದ್ದನ್ನು ಎಳೆದೇ ರೂಢಿ. ಅವರ ಮುಂದಾಳು ಆಗಲೇ "ಹೋ—" ಎಂದು ದನಿ ಎತ್ತಿದ್ದ.

"ಎಳಿಬೇಡ್ರಾ! ಬಿಡಿ ಕೈ! ದೋಣಿ ಅಲ್ಲ ಅದು!" ಮಂಗಲಾ ಚೀರಿದಳು. ಎಳೆದರೆ ಸ್ಟ್ಯಾಂಡ್ ಅಂಚು ದಾಟುತ್ತಿತ್ತು.

ದೋಣಿ ಅಂಕೆ ಮೀರಿ ಜಾರತೊಡಗಿದರೆ ಹೆಂಗಸರು ಹಲಗೆಗೆ ಮರಳು ಎರಚಿ ತಡೆಯುವುದುಂಟು. ಮಂಗಲಾ ಮೊಣಕಾಲೂರಿ, ಒಣಮರಳನ್ನು ಹಿಡಿಹಿಡಿಯಾಗಿ ಸ್ಟ್ಯಾಂಡಿನ ಕಾಲಿನ ಮುಂದೆ ಒತ್ತಿದಳು. ಕಾಲು ಮತ್ತೆ ಸರಿಯಿತು. ಒಳಗಿನಿಂದ ರೋಷನ ಹಲ್ಲು ಕಚ್ಚಿ ನರಳಿದ. ಮತ್ತೊಂದು ಹಿಡಿ. ಮರಳು ಕರಕರ ಎಂದಿತು, ಕಾಲು ನಿಂತಿತು.

ತುಳಸಿದಾಸ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ ತಂದು, ಅದರ ಮೇಲೆ ಜಾಕ್ ಇಟ್ಟು, ಕಾಲು ಸುತ್ತು, ಕಾಲು ಸುತ್ತಾಗಿ ತಿರುಗಿಸಿದ.

"ನಿಧಾನ ಭಾವಾ... ಇನ್ನೊಂಚೂರು..."

ಕೈ ಬಂತು. ಎರಡು ಉಗುರು ಕಪ್ಪಾಗಿದ್ದವು. ರೋಷನ ಒಂದೊಂದೇ ಬೆರಳು ಮಡಚಿ ನೋಡಿ, "ಆಡ್ತದೆ," ಎಂದ.

ಸ್ಟ್ಯಾಂಡನ್ನು ಕಲ್ಲಿಗೆ ಬದಲಿಸಿದ ಮೇಲೆ ಕೊನೆಯ ನಾಲ್ಕು ನಟ್ಟುಗಳನ್ನು ಬಿಗಿದವಳು ಮಂಗಲಾ. ರೋಷನ ಬಾಯಲ್ಲಿ ಹೇಳುತ್ತಿದ್ದ.

"ಸಾಕನಾ?"

"ಇನ್ನೊಂದ್ ಸುತ್ತು. ನೀ ಗ್ಯಾರೇಜಿಗೆ ಬಂದ್ರೆ ನನ್ನ ಕೆಲ್ಸ ಹೋತದೆ, ಅಕ್ಕಾ."

ಆಕೆ ಮರಳು ಕೊಟ್ಟದ್ದು ಸಮುದ್ರದ ತಾಯಿಗೆಂದು ನೆರೆಯವರು ಹೇಳುತ್ತಾರೆ. ಅದನ್ನು ಕೇಳಿದಾಗ ಆಕೆಗೆ ಸಿಟ್ಟೇ ಬಂತು: "ತಾಯಿಗೆ ಕೊಡೂದಾದ್ರೆ ಕಾಯಿ ಕೊಡ್ತೆ. ಮರಳು ಹಲಗೆಗೆ!"

ತುಳಸಿದಾಸ ಎದ್ದು ಹೋಗಿ ಆ ಹಲಗೆಯನ್ನು ತಂದು ತೋರಿಸಿದ. ಕಬ್ಬಿಣದ ಕಾಲು ಗೀಚಿದ ಗೆರೆ ಇನ್ನೂ ಇತ್ತು. ಗೆರೆ ನಿಂತಲ್ಲಿಂದ ಹಲಗೆಯ ಅಂಚಿಗೆ ಅರ್ಧ ಬೆರಳಷ್ಟೇ ದೂರ.