ನಾಡಿದ್ದಿನ ತಾರೀಖು

ಹೊಸ ಗೇಟಿನ ಮೇಲೆ ನನಗೆ ಆರಂಭದಿಂದಲೂ ಕೋಪ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನಬೇಡಿ. ಇಪ್ಪತ್ತಾರು ವರ್ಷ ಈ ಗಡಿಯಲ್ಲಿ ಲಾರಿಗಳ ಕಾಗದಪತ್ರ ಮಾಡಿಸಿಕೊಟ್ಟವನು ನಾನು. ಬೋರ್ಡಿನಲ್ಲಿ ಕ್ಲಿಯರಿಂಗ್ ಏಜೆಂಟ್ ಅಂತಿದ್ದರೂ ಡ್ರೈವರುಗಳು ಕರೆಯುವುದು ಕಾಗದದ ಮಾಮ ಅಂತಲೇ. ಹಳೇ ಗೇಟಿನಲ್ಲಿ ಇದ್ದದ್ದು ಒಂದು ಅಡ್ಡಗಂಬ, ಒಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಸಾಹೇಬರು. ಲಾರಿಗಳ ಸಾಲು ಪೆಟ್ರೋಲ್ ಬಂಕ್ ದಾಟಿ, ಇಟ್ಟಿಗೆ ಗೂಡು ದಾಟಿ ನಿಂತಿರುತ್ತಿತ್ತು. ಬಂದ ಲಾರಿ ಆಚೆ ದೇಶಕ್ಕೆ ಹೋಗಲು ಎರಡು ದಿನ ಬೇಕಿತ್ತು. ಟೊಮೇಟೊ ಕೊಳೆತು ಡಾಂಬರಿನ ಮೇಲೆ ಹರಿಯುತ್ತಿತ್ತು. ಆದರೂ ಅಲ್ಲಿ ನನಗೊಂದು ಬೆಲೆ ಇತ್ತು. ನಾನು ಕಿಟಕಿಗೆ ಮುಖ ತೋರಿಸಿದರೆ ಸಾಹೇಬರು ಟೀ ಲೋಟ ಪಕ್ಕಕ್ಕಿಟ್ಟು ಎದ್ದು ಬರುತ್ತಿದ್ದರು.

ಆ ಎರಡು ದಿನಗಳಿಗೆ ತಕ್ಕಂತೆ ನಮ್ಮ ಕೆಲಸವೂ ರೂಢಿಯಾಗಿತ್ತು. ಕುರಿಯೋ ಕರುವೋ, ಜೀವ ಇರುವ ಸರಕಿಗೆ ಪಶುವೈದ್ಯರ ಆರೋಗ್ಯ ಪತ್ರ ಬೇಕು. ಆ ಪತ್ರ ನಡೆಯುವುದು ಅದರ ಮೇಲಿರುವ ತಾರೀಖಿನ ದಿನ ಮಾತ್ರ. ಇವತ್ತಿನ ತಾರೀಖು ಹಾಕಿಸಿದರೆ ಲಾರಿ ಸಾಲಿನಲ್ಲಿರುವಾಗಲೇ ಪತ್ರ ಸತ್ತುಹೋಗುತ್ತಿತ್ತು. ಹಾಗಾಗಿ ಏಜೆಂಟರೆಲ್ಲ ನಾಡಿದ್ದಿನ ತಾರೀಖು ಹಾಕಿಸುತ್ತಿದ್ದೆವು. ಅದು ವೈದ್ಯರಿಗೂ ಗೊತ್ತು, ಸಾಹೇಬರಿಗೂ ಗೊತ್ತು. ಒಂದು ದಿನ ಹಿಂದೆಮುಂದೆ ಆದರೆ ಪೆನ್ನಿನಲ್ಲಿ ಒಂದು ಗೀಟು, ಪಕ್ಕದಲ್ಲಿ ಒಂದು ಸಹಿ, ಅಷ್ಟೇ.

ಆಮೇಲೆ ಹೊಸ ಗೇಟು ಬಂತು. ನಾಲ್ಕು ಲೇನು, ಲಾರಿಯ ಹೊಟ್ಟೆಯೊಳಗೆ ಇಣುಕುವ ಸ್ಕ್ಯಾನರು, ಎರಡೂ ದೇಶದ ಅಧಿಕಾರಿಗಳು ಒಂದೇ ಹಾಲ್‌ನಲ್ಲಿ. ಮುಕ್ಕಾಲು ಗಂಟೆಯಲ್ಲಿ ಲಾರಿ ಆಚೆ. ಏಜೆಂಟರಿಗೆಲ್ಲ ಒಂದು ದಿನ ತರಬೇತಿ ಕೊಟ್ಟರು. ಮಗಳ ವಯಸ್ಸಿನ ಹುಡುಗಿಯೊಬ್ಬಳು ಪರದೆ ಮುಂದೆ ನಿಂತು ತಾರೀಖಿನ ಪಾಠ ಶುರುಮಾಡಿದಳು. ನನಗೆ ಮೈ ಉರಿದುಹೋಯಿತು. ತಾರೀಖು ಹಾಕುವುದನ್ನು ನನಗೆ ಇವಳು ಕಲಿಸಬೇಕಾ? ತಟ್ಟೆಯಲ್ಲಿದ್ದ ಬಿಸ್ಕತ್ತು ತಿಂದು ಎದ್ದು ಬಂದೆ.

ಅಕ್ಕನಿಗೆ ಮಾತ್ರ ಆ ಗೇಟೆಂದರೆ ಪ್ರಾಣ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನಗೆ ಅನ್ನ ಕಲಸಿಕೊಟ್ಟು, ತಲೆ ಬಾಚಿ, ಕಿವಿ ಹಿಂಡಿ ಬೆಳೆಸಿದವಳು. ಭಾವ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ಮೊಟ್ಟೆಗೆ ಶಾಖ ಕೊಡುವ ಮೆಷಿನ್ ಇಟ್ಟು ಕೋಳಿಮರಿ ಮಾಡುವ ಕಸುಬಿಗಿಳಿದಳು. ಮರಿ ಬೇಕೆನ್ನುವವರೆಲ್ಲ ಗಡಿಯ ಆಚೆಗೇ ಇದ್ದರು. ಒಂದು ದಿನದ ಮರಿಗಳನ್ನು ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದರೆ ಉಳಿಯುತ್ತವೆಯೇ? ಹಾಗಾಗಿ ಇಷ್ಟು ವರ್ಷ ಅವಳು ಆ ಆಸೆಯನ್ನೇ ಇಟ್ಟುಕೊಂಡಿರಲಿಲ್ಲ. ಈಗ ಆಚೆಯ ವ್ಯಾಪಾರಿಯೊಬ್ಬ ಒಪ್ಪಿದ್ದ. ಮೊದಲ ಲೋಡ್ ಚೆನ್ನಾಗಿ ಬಂದರೆ ವಾರವಾರವೂ ಇವಳದೇ, ಕೆಟ್ಟರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಅಂದಿದ್ದ.

"ಕಾಗದ ನೀನು ನೋಡ್ಕೋತೀಯ ಅಂದ್ಮೇಲೆ ನಂಗೇನೋ ಚಿಂತೆ?" ಅಂದಳು ಅಕ್ಕ. ನಾನು ಆಗಲೇ ವೈದ್ಯರಿಗೆ ಫೋನ್ ಮಾಡಿದೆ. ಅವರು ಮರಿಗಳನ್ನು ನೋಡಿ ಬಂದು ಪತ್ರವನ್ನು ಕಂಪ್ಯೂಟರಿಗೆ ಹಾಕುವವರಿದ್ದರು. "ತಾರೀಖು ಎಂದಿನಂತೇನಾ?" ಅಂತ ಕೇಳಿದರು. "ಹೂಂ, ನಾಡಿದ್ದಿಂದೇ ಹಾಕಿ ಡಾಕ್ಟ್ರೇ," ಅಂದೆ. ಹೊಸ ಗೇಟಿನಲ್ಲಿ ಜೀವ ಇರುವ ಸರಕು ನಮ್ಮಿಬ್ಬರಿಗೂ ಅದೇ ಮೊದಲು. ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಲಾರಿ ಬಂತು. ಒಳಗೆ ಎಂಟು ಸಾವಿರ ಮರಿಗಳು, ತೂತಿನ ರಟ್ಟಿನ ಪೆಟ್ಟಿಗೆಗಳಲ್ಲಿ. ಡ್ರೈವರ್ ಪಕ್ಕದಲ್ಲಿ ಅಕ್ಕ, ಒಳ್ಳೇ ಸೀರೆ ಉಟ್ಟು ಕೂತಿದ್ದಳು. ಮೊದಲ ಅಡ್ಡಗಂಬ ಎದ್ದು ಲಾರಿ ಒಳಗೆ ಬಂತು. ಎರಡನೆಯದು ಏಳಲಿಲ್ಲ. ಮೂರನೇ ಲೇನಿನ ಕಿಟಕಿಯಲ್ಲಿದ್ದ ಮೇಡಂ ನನ್ನನ್ನು ಕರೆದರು.

"ಸರ್, ಆರೋಗ್ಯ ಪತ್ರದ ತಾರೀಖು ನಾಳೆಯದು. ಇನ್ನೂ ಶುರುವೇ ಆಗಿಲ್ಲ. ಸಿಸ್ಟಮ್ ಲಾಕ್ ಆಗಿದೆ."

"ಒಂದು ಗೀಟು ಹಾಕಿಬಿಡಿ ಮೇಡಂ."

"ಎಲ್ಲಿ ಹಾಕಲಿ ಸರ್?" ಅಂತ ಅವರು ಪರದೆ ತಿರುಗಿಸಿ ತೋರಿಸಿದರು. ವ್ಯಂಗ್ಯವಲ್ಲ, ಪಾಪ, ನಿಜವಾಗಿಯೇ ಕೇಳಿದರು.

ವಾಪಸು ಕರೆದುಕೊಂಡು ಹೋಗೋಣವೆಂದರೆ ಅದೂ ಆಗುವಂತಿರಲಿಲ್ಲ. ಕಂಪ್ಯೂಟರಿನ ಪ್ರಕಾರ ಲಾರಿ ನಮ್ಮ ದೇಶ ಬಿಟ್ಟಾಗಿತ್ತು, ಆಚೆ ದೇಶ ಸೇರಿರಲಿಲ್ಲ. ಎರಡು ಅಡ್ಡಗಂಬಗಳ ನಡುವೆ ಸಿಕ್ಕಿಕೊಂಡಿತ್ತು. ಹೊಸ ಗೇಟಿನಲ್ಲಿ ಹಣ್ಣಿಗೆ ತಣ್ಣನೆಯ ಕೋಣೆ ಇತ್ತು, ಲೇನುಗಳಿಗೆ ಮಾತ್ರ ಚಾವಣಿ ಇನ್ನೂ ಬಂದಿರಲಿಲ್ಲ. ಮೇಡಂ ತಾವೇ ಹೊರಗೆ ಬಂದು ಲಾರಿಯನ್ನು ಸ್ಕ್ಯಾನರ್ ಕಟ್ಟಡದ ನೆರಳಿಗೆ ನಿಲ್ಲಿಸಿದರು. ಆಮೇಲೆ ನನ್ನೊಬ್ಬನನ್ನೇ ಹಾಲ್‌ಗೆ ಕರೆದು ಒಂದು ಕಾಗದ ಕೈಗಿತ್ತರು.

"ತಪ್ಪು ತಾರೀಖು ಹಾಕಿಸಿದ್ದು ನಾನೇ ಅಂತ ಏಜೆಂಟ್ ಬರೆದುಕೊಡಬೇಕು. ಸರಕಿನ ಮಾಲೀಕರೂ ಸಹಿ ಹಾಕಬೇಕು. ಇದಿದ್ರೆ ಮೇಲಿನವರು ಲಾಕ್ ತೆಗೀತಾರೆ. ಆದ್ರೆ ವಿಚಾರಣೆ ಮುಗಿಯೋ ತನಕ ನೀವು ಇಲ್ಲಿ ಕೆಲಸ ಮಾಡೋ ಹಾಗಿಲ್ಲ ಸರ್."

ಆಗ ಹತ್ತೂವರೆ. ಹತ್ತೂವರೆಗೆ ಮರಿಗಳೆಲ್ಲ ಜೀವಂತವಾಗಿದ್ದವು.

ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ? ಇಪ್ಪತ್ತಾರು ವರ್ಷದಲ್ಲಿ ನನ್ನ ಮೇಲೆ ಒಂದು ಕಪ್ಪುಚುಕ್ಕೆ ಇರಲಿಲ್ಲ. ಹಾಲ್‌ನಲ್ಲಿದ್ದ ಚಿಕ್ಕ ವಯಸ್ಸಿನ ಏಜೆಂಟರು ಆಗಲೇ ನನ್ನ ಕಡೆ ನೋಡಿ ಗುಸುಗುಸು ಮಾಡುತ್ತಿದ್ದರು. ಅವರು ನಗಲಿ, ಹಾಳಾಗಿ ಹೋಗಲಿ. ಆದರೆ ಆ ಕಾಗದವನ್ನು ಅಕ್ಕನ ಮುಂದೆ ಹಿಡಿಯಬೇಕಿತ್ತಲ್ಲ, ಅದಕ್ಕೆ ನನ್ನ ಕೈ ಬರಲಿಲ್ಲ. ವೈದ್ಯರನ್ನು ಹಿಡಿದರೆ ಹೊಸ ಪತ್ರ ಹಾಕಿಸಬಹುದು, ಅಕ್ಕನಿಗೆ ಗೊತ್ತೇ ಆಗುವುದಿಲ್ಲ ಅಂತ ಲೆಕ್ಕ ಹಾಕಿದೆ.

ವೈದ್ಯರ ಫೋನ್ ಬಂದ್ ಆಗಿತ್ತು. ಅವರ ಆಫೀಸಿನವರು, ಡಾಕ್ಟ್ರು ಯಾವುದೋ ಹಳ್ಳಿಗೆ ದನಗಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದಾರೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ ಅಂದರು. ನಿವೃತ್ತರಾಗಿದ್ದ ಹಳೇ ಸಾಹೇಬರಿಗೆ ಫೋನ್ ಮಾಡಿದೆ. ಅವರು ನಕ್ಕು, "ಈಗೆಲ್ಲ ನಮ್ಮ ಆಟ ನಡೆಯಲ್ಲ ಮಾರಾಯಾ," ಅಂದು ಇಟ್ಟರು. ಹೀಗೆ ಹನ್ನೊಂದಾಯಿತು, ಹನ್ನೆರಡಾಯಿತು.

ನೆರಳು ಗೋಡೆಯ ಬುಡಕ್ಕೆ ಸರಿದು ಇಲ್ಲವಾಯಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಹಿಂದೆ ಹತ್ತಿದ್ದಳು. ಪೆಟ್ಟಿಗೆಗಳನ್ನು ಮೇಲೆ ಕೆಳಗೆ ಮಾಡುತ್ತಾ, ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಾ, ಮರಿಗಳ ಕೊಕ್ಕಿಗೆ ಬೆರಳಿನಿಂದ ನೀರು ಮುಟ್ಟಿಸುತ್ತಾ ಇದ್ದಳು. ಮರಿಗಳು ಕತ್ತು ಚಾಚಿ ಬಾಯಿ ಕಳೆದುಕೊಂಡಿದ್ದವು. ಡ್ರೈವರ್ ಬಕೆಟ್ಟಿನಲ್ಲಿ ನೀರು ಹೊತ್ತೂ ಹೊತ್ತೂ ಸುಸ್ತಾಗಿದ್ದ. ತಂತಿಬೇಲಿಯ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಆ ವ್ಯಾಪಾರಿ ತನ್ನ ವ್ಯಾನಿಗೆ ಒರಗಿ ನಿಂತಿದ್ದ.

ಒಂದು ಗಂಟೆಗೆ ಮೊದಲ ಮರಿ ಸತ್ತಿತು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡೇ ಕಿಟಕಿಗೆ ನುಗ್ಗಿದಳು.

"ಏನಮ್ಮಾ, ನಿನಗೆ ಕರುಳು ಅನ್ನೋದು ಇದೆಯಾ? ನನ್ನ ತಮ್ಮ ನೀನು ಹುಟ್ಟೋಕೆ ಮುಂಚೆಯಿಂದ ಈ ಗಡೀಲಿ ಕೆಲಸ ಮಾಡ್ತಿದಾನೆ. ಅಂಥವನನ್ನ ಬೆಳಿಗ್ಗೆಯಿಂದ ನಾಯಿ ಥರ ಓಡಾಡಿಸ್ತಿದೀರಲ್ಲ! ನೋಡು ಅವನ ಮುಖ, ಹೇಗೆ ಬಾಡಿಹೋಗಿದೆ!"

ಮೇಡಂ ನನ್ನನ್ನೇ ನೋಡಿದರು. "ಬಿಡಕ್ಕಾ, ನಾನು ಮಾತಾಡ್ತೀನಿ," ಅಂತಷ್ಟೇ ಹೇಳಿ ಅವಳ ಭುಜ ಹಿಡಿದು ಕರೆತಂದೆ. ಇಂಥ ದರಿದ್ರ ಮಾತು ನನ್ನ ಬಾಯಿಂದ ಹೇಗೆ ಬಂತೋ!

ಮೂರು ಗಂಟೆಗೆ ಅಕ್ಕ ಬೀಸುವುದನ್ನು ನಿಲ್ಲಿಸಿದಳು. ಸತ್ತವನ್ನು ಗೋಣಿಚೀಲಕ್ಕೆ ಹಾಕುತ್ತಿದ್ದಳು. ಒಂದು ಚೀಲ ತುಂಬಿ ಎರಡನೆಯದು ಶುರುವಾಗಿತ್ತು. ಅದನ್ನು ನೋಡಿ ಕಿಟಕಿಗೆ ಹೋಗಿ ಕಾಗದ ಬಿಡಿಸಿ, ತಪ್ಪು ನನ್ನದೇ ಅಂತ ಬರೆದೆ. ಮೇಡಂ ಅಕ್ಕನನ್ನು ಕರೆದು ಪೆನ್ನು ಕೊಟ್ಟರು.

ಅಕ್ಕ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. "ತಾರೀಖು ತಪ್ಪು ಹಾಕಿಸಿದ್ದು ನೀನಾ?"

"ಹೂಂ ಅಕ್ಕ. ಹಳೇ ಅಭ್ಯಾಸ."

ಅವಳು ನನ್ನ ಕೆನ್ನೆ ಮುಟ್ಟಿದಳು. ಕೈಯೆಲ್ಲ ಮರಿಗಳ ಪುಕ್ಕ ಅಂಟಿತ್ತು. "ಅಯ್ಯೋ ಹುಚ್ಚಪ್ಪಾ, ಅದಕ್ಕೇನಾ ಬೆಳಿಗ್ಗೆಯಿಂದ ಹೀಗಿದ್ದೀಯ? ತಪ್ಪು ಯಾರು ಮಾಡಲ್ಲ? ಹೋದ ತಿಂಗಳು ಶಾಖ ಜಾಸ್ತಿ ಇಟ್ಟು ನಾನೇ ಒಂದು ಟ್ರೇ ಮೊಟ್ಟೆ ಬೇಯಿಸಿಬಿಟ್ಟಿದ್ದೆ." ಆಮೇಲೆ ಮೇಡಂ ಕಡೆ ತಿರುಗಿದಳು. "ಆದ್ರೂ ಅಮ್ಮಾ, ಒಂದು ಸಹಿಯಲ್ಲಿ ಮುಗಿಯೋ ಕೆಲಸ. ಈ ಕಾಗದಾನ ಬೆಳಿಗ್ಗೆನೇ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಮೇಡಂ ಪರದೆಯ ಕಡೆ ತಿರುಗಿದರು. ಮೇಲಿನವರ ಆದೇಶ ಈಗ ಬಂತು ಅಂತ ನಾನು ಹೇಳಬಹುದಿತ್ತು. ಹೇಳಿದ್ದರೆ ಅಕ್ಕ ನಂಬುತ್ತಿದ್ದಳು.

"ಕೊಟ್ಟಿದ್ರು ಅಕ್ಕ," ಅಂದೆ. "ಹತ್ತೂವರೆಗೇ ಕೊಟ್ಟಿದ್ರು. ನನ್ನ ಜೇಬಲ್ಲಿತ್ತು."

ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಸಹಿ ಹಾಕಿದಳು. ಪೆನ್ನಿಗೆ ಮುಚ್ಚಳ ಹಾಕಿ ಮೇಡಂ ಕೈಗೆ ಕೊಟ್ಟು, "ಬೈದಿದ್ದು ತಪ್ಪಾಯ್ತಮ್ಮ," ಅಂದಳು. ಲಾಕ್ ತೆರೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅಡ್ಡಗಂಬ ಎದ್ದಿತು. ನಾನು ಲಾರಿ ಹತ್ತಲು ಬಾಗಿಲಿಗೆ ಕೈಯಿಟ್ಟೆ.

"ನೀನೆಲ್ಲಿಗೆ?" ಅಂದಳು. "ಕಾಗದಕ್ಕೆ ನೀನು ಬೇಕಿತ್ತು. ಮುಗೀತಲ್ಲ."

ಲಾರಿ ಆಚೆ ಹೋಗಿ ನಿಂತಿತು. ಬೇಲಿ ಹಿಡಿದುಕೊಂಡು ನೋಡಿದೆ. ವ್ಯಾಪಾರಿ ಒಂದು ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದ, ಇನ್ನೊಂದು ಇಳಿಸಿದ. ಮೂರನೆಯದಕ್ಕೆ ಕೈ ಹಾಕಲಿಲ್ಲ. ಅಕ್ಕ ಏನೋ ಹೇಳುತ್ತಲೇ ಇದ್ದಳು. ಅವನು ತಲೆಯಾಡಿಸಿ, ಖಾಲಿ ವ್ಯಾನ್ ಹತ್ತಿ ಹೊರಟುಹೋದ. ಅಕ್ಕ ಅಲ್ಲೇ ಲಾರಿಯ ನೆರಳಿನಲ್ಲಿ ನೆಲದ ಮೇಲೆ ಕೂತು ಒಂದು ಪೆಟ್ಟಿಗೆಯನ್ನು ತೊಡೆಗೆ ಎಳೆದುಕೊಂಡಳು.

ತಡೆಯಲಾಗದೆ ಫೋನ್ ಮಾಡಿದೆ. ಅವಳು ಸೊಂಟದಿಂದ ಫೋನ್ ತೆಗೆದು ಹೆಸರು ನೋಡಿದ್ದು ನನಗೆ ಕಾಣಿಸಿತು. ಎತ್ತಿದಳು.

"ಅಕ್ಕಾ..." ಅಂದೆ.

"ಈಗ ಮಾತಾಡಿಸಬೇಡ," ಅಂದಳು. "ಬದುಕಿರೋದನ್ನ ಎಣಿಸ್ತಾ ಇದೀನಿ."