ಬಣ್ಣ ಸರಿದ ಮುಖಗಳು

ಸೋಪಿನ ಪೊಟ್ಟಣ, ಬಿಸ್ಕತ್ತಿನ ರಟ್ಟು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅಕ್ಕನದು ತಪ್ಪು ಹುಡುಕುವ ಕೆಲಸ. ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಬಣ್ಣ ಕೂದಲೆಳೆಯಷ್ಟು ಸರಿದಿದ್ದರೂ ಎತ್ತಿ ರದ್ದಿಗೆ ಹಾಕಬೇಕು. ಆಯುಷ್ಯವೆಲ್ಲ ಇದನ್ನೇ ಮಾಡಿದವಳ ಕಣ್ಣು ಬೇರೆಡೆ ಸುಮ್ಮನಿದ್ದೀತೇ? ಮದುವೆ ಮನೆಗೆ ಹೋದರೂ ಅವಳಿಗೆ ಮೊದಲು ಕಾಣುವುದು ಪರದೆಯ ಸೊಟ್ಟ ಹೊಲಿಗೆ.

ಹಾಗಾಗಿ ಹಳೆ ಪುಸ್ತಕದಂಗಡಿಯಲ್ಲಿ ಆ ದಪ್ಪ ಪುಸ್ತಕ ತೆರೆದಾಗಲೂ ಕಂಡದ್ದು ತಪ್ಪೇ. ಒಂದೇ ಹೆಂಗಸಿನ ಮುಖ ಸಾಲು ಸಾಲಾಗಿ, ಪ್ರತಿಯೊಂದರಲ್ಲೂ ತುಟಿಯ ಕೆಂಪು ಕೆನ್ನೆಗೆ ಜಾರಿತ್ತು.

“ಅಚ್ಚು ಕೆಟ್ಟಿದೆ. ಅರ್ಧ ಬೆಲೆಗೆ ಕೊಡಿ,” ಎಂದಳು.

ಅಂಗಡಿಯವನು ಕನ್ನಡಕ ಹಣೆಗೇರಿಸಿ ನಕ್ಕ. “ಕೆಟ್ಟಿಲ್ಲಮ್ಮಾ, ಬೇಕೂಂತಲೇ ಹಾಗೆ ಮಾಡಿರೋದು. ಪಾಪ್ ಆರ್ಟ್ ಅಂತಾರೆ. ಡಬ್ಬಿ, ಪೊಟ್ಟಣ, ಸಿನಿಮಾ ಮುಖ, ಜನ ದಿನಾ ನೋಡೋದನ್ನೇ ಚಿತ್ರ ಮಾಡಿದ್ರು. ದೊಡ್ಡ ದೊಡ್ಡ ಮ್ಯೂಸಿಯಮ್‌ನಲ್ಲಿ ಇಟ್ಟಿದಾರೆ.”

ಅಕ್ಕ ಆ ಪುಟವನ್ನು ಮತ್ತೊಮ್ಮೆ ನೋಡಿದಳು. ಕೇಳಿದಷ್ಟು ಕೊಟ್ಟು ಪುಸ್ತಕ ಕೊಂಡಳು.

ಅವಳಿಗೆ ನೆನಪಾದದ್ದು ತಂಗಿ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಕಪಾಟಿಗೆ ಹಾಸಲೆಂದು ಅಕ್ಕ ತಂದ ರದ್ದಿ ಹಾಳೆಗಳನ್ನು ಅವಳು ಕತ್ತರಿಸಿ ಗೋಡೆ ತುಂಬ ಅಂಟಿಸಿದ್ದಳು. ಸೋಪಿನ ಪೊಟ್ಟಣದ ಅದೇ ಹುಡುಗಿ ಮತ್ತೆ ಮತ್ತೆ; ಒಬ್ಬಳ ಹುಬ್ಬು ಹಣೆಗೇರಿದೆ, ಒಬ್ಬಳಿಗೆ ನೀಲಿ ಮೂಗು. ಆವತ್ತು ಪ್ರೆಸ್ಸಿನ ಮೇಸ್ತ್ರಿ ಮನೆಗೆ ಬರುವವನಿದ್ದ. ತಾನು ತಳ್ಳಿಹಾಕಿದ ತಪ್ಪೆಲ್ಲ ತನ್ನ ಮನೆಯಲ್ಲೇ ಮೆರೆಯುತ್ತಿರುವುದನ್ನು ಕಂಡ ಅಕ್ಕ ಅವನ್ನೆಲ್ಲ ಪರಪರನೆ ಕಿತ್ತಳು.

“ಕಸ ಕಣೇ ಇದು. ಕಸಕ್ಕೂ ಚಿತ್ರಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಂಗೆ?”

ತಂಗಿ ಗೋಡೆಯ ಮೇಲಿನ ಗೋಂದಿನ ಕಲೆಗಳನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸಿದಳು. ಮತ್ತೆ ಅವಳು ಕತ್ತರಿ ಹಿಡಿದದ್ದು ಟೈಲರ್ ಅಂಗಡಿ ಸೇರಿದ ಮೇಲೆಯೇ, ಅದೂ ಬೇರೆಯವರು ಎಳೆದ ಗೆರೆಯ ಮೇಲೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆ ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪುಸ್ತಕ ತೋರಿಸಿ ತಪ್ಪೊಪ್ಪಿಕೊಂಡರೆ, ತಂಗಿ ಒಂದೇ ಒಂದು ಸಲ ‘ಹೋಗ್ಲಿ ಬಿಡಕ್ಕ’ ಎಂದರೆ ಸಾಕು ಎಂಬ ಆಸೆಯಿಂದ ನೇರ ತಂಗಿಯ ಟೈಲರ್ ಅಂಗಡಿಗೇ ಹೋದಳು.

ತಂಗಿ ಹೊಲಿಗೆ ನಿಲ್ಲಿಸಿ ಒಂದೊಂದೇ ಪುಟ ತಿರುವಿದಳು. ಮುಖಗಳಿದ್ದ ಪುಟದಲ್ಲಿ ಅವಳ ಬೆರಳು ನಿಂತಿತು.

“ನಾನೂ ಹೀಗೇ ಮಾಡಿದ್ದೆ, ಅಲ್ವಾ?”

“ಹೂಂ. ನೀನು ಮಾಡಿದ್ದು ಚಿತ್ರಾನೇ. ಕಸ ಅಂದಿದ್ದು ನನ್ನ ತಪ್ಪು ಕಣೇ.”

ತಂಗಿ ಪುಸ್ತಕ ಮುಚ್ಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ನೀನು ಕಸ ಅಂದೆ, ನಾನು ನಂಬಿದೆ. ಸರಿ-ತಪ್ಪು ನೋಡೋದು ನಿನ್ನ ಕೆಲಸಾನೇ ಅಲ್ವಾ. ನನ್ನ ಕೈಗೆ ಬರೋ ವಿದ್ಯೆ ಅಲ್ಲ ಅಂತ ಬಿಟ್ಟು ನೆಮ್ಮದಿಯಾಗಿದ್ದೆ. ಈಗ ಇದನ್ನ ತಂದು ತೋರಿಸ್ದೆ. ನಿನ್ನ ಭಾರ ಇಳೀತು. ನಾನೇನು ಮಾಡ್ಲಿ ಅಕ್ಕ?”

ಅಕ್ಕ ಇದನ್ನು ಯೋಚಿಸಿಯೇ ಇರಲಿಲ್ಲ. ತಂಗಿ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು ಸೂಜಿಗೆ ದಾರ ಪೋಣಿಸಹೋದಳು. ದಾರ ತಪ್ಪಿತು, ಮತ್ತೂ ತಪ್ಪಿತು. ಅಕ್ಕ ಕೈ ಚಾಚಿದಳು.

“ಬೇಡ, ನಾನೇ ಮಾಡ್ಕೋತೀನಿ,” ಎಂದಳು ತಂಗಿ.