ಕೋಣದ ಅಡಿಯ ಪದರ

ಫಾನ್ ದಝಾವ್ ಬರೆದ ಕೋಣಕ್ಕೆ ಕಾಲು ಐದೋ ಏಳೋ, ಎಣಿಸಿದಷ್ಟೂ ತಪ್ಪುತ್ತಿತ್ತು. ಮುಖವಿರಬೇಕಾದ ಕಡೆ ಮಸಿ ಹರಿದು ಕೊಚ್ಚೆಯಾಗಿತ್ತು. ಅದರೊಳಗಿಂದ ಒಂದೇ ಒಂದು ಕಣ್ಣು ನಮ್ಮನ್ನು ನೋಡುತ್ತಿತ್ತು. ಪಕ್ಕದ ಚಹಾ ಅಂಗಡಿಯ ರುವಾನ್ ಅಜ್ಜಿ ಇಣುಕಿ, "ಥೂ, ಇದನ್ನ ಗೋಡೆಗೆ ಹಾಕ್ಕೊಂಡ್ರೆ ತಿಂದ ಅನ್ನ ಮೈಗೆ ಹತ್ತುತ್ತಾ?" ಎಂದು ಹೋದಳು.

"ಶಾಂಘೈಯವರು ಹಾಕ್ಕೋತಾರಂತೆ ಅತ್ತಿಗೆ. ನಾಡಿದ್ದು ಬೆಳಿಗ್ಗೆ ಬಂದು ಒಯ್ತೀನಿ," ಎಂದು ನನಗೆ ಹೇಳಿದ ದಝಾವ್. ತುನ್‌ಶಿ ಪಟ್ಟಣದಲ್ಲಿ ಚಿತ್ರಗಳ ಹಿಂದೆ ಕಾಗದ ಅಂಟಿಸಿ ಸುರುಳಿ ಕಟ್ಟುವುದು ನನ್ನ ಕಸುಬು. ದಝಾವ್ ನನ್ನ ಗಂಡ ಶುಯಿಗೆನ್‌ನ ಗೆಳೆಯ. ಅವನ ಚಿತ್ರಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು.

ಪ್ರವಾಹದ ವರ್ಷ ಕೊಟ್ಟಿಗೆಯ ಕೋಣದ ಹಗ್ಗ ಬಿಚ್ಚಲು ಹೋದ ಶುಯಿಗೆನ್ ಮರಳಲಿಲ್ಲ. ಮನೆಯೂ ಹೋಯಿತು, ಅದರೊಳಗಿದ್ದ ನಮ್ಮ ಮದುವೆಯ ಒಂದೇ ಫೋಟೋ ಕೂಡ. ಆಗ ಅವನಿಗೆ ಇಪ್ಪತ್ತಾರು. ಮೂವತ್ತು ವರ್ಷ ಕಳೆದ ಮೇಲೆ ಅವನ ಮುಖ ನೆನೆಸಿಕೊಂಡರೆ ಟೀವಿಯಲ್ಲಿ ಬರುವ ಯಾರದೋ ಮುಖ ಬಂದು ಕೂರುತ್ತದೆ. ಆಗೆಲ್ಲ ನನಗೆ ನನ್ನ ಮೇಲೇ ಸಿಟ್ಟು. ಆ ಮುಖ ಬರೆದುಕೊಡು ಎಂದು ದಝಾವ್‌ನನ್ನು ಎಷ್ಟು ಪೀಡಿಸಿದೆನೋ. "ಕೈಗೆ ಬರಲ್ಲ ಅತ್ತಿಗೆ" ಎನ್ನುತ್ತಾನೆ, ಅಷ್ಟೇ.

ದಝಾವ್ ಹೋದ ಮೇಲೆ ಚಿತ್ರವನ್ನು ಮೇಜಿನ ಮೇಲೆ ಕವುಚಿ ಹಾಕುವ ಮುಂಚೆ ಇನ್ನೊಮ್ಮೆ ನೋಡಿದೆ. ಕೋಣದ ಕುತ್ತಿಗೆಯ ಬಳಿ ಒಣ ಕುಂಚದ ನಾಲ್ಕು ಗೀರು. ಅದರಲ್ಲಿ ಮನುಷ್ಯನೊಬ್ಬನ ಬಾಗಿದ ಬೆನ್ನು, ಎಡಕ್ಕೆ ವಾಲಿದ ತಲೆ. ಕೋಣದ ಕಿವಿಯಲ್ಲಿ ಏನಾದರೂ ಹೇಳುವಾಗ ಶುಯಿಗೆನ್ ಹಾಗೇ ವಾಲುತ್ತಿದ್ದ. ನನ್ನ ಕಿವಿಯಲ್ಲಿ ಹೇಳುವಾಗಲೂ ಹಾಗೇ. ಆ ಗೀರುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದೆ.

ಆ ಕಾಗದ ಎರಡು ಪದರದ್ದು. ಚೆನ್ನಾಗಿ ನೆನೆಸಿ ಪಳಗಿದ ಕೈ ಎಳೆದರೆ ಅಡಿಯ ಪದರ ಬಿಟ್ಟು ಬರುತ್ತದೆ. ಅದಕ್ಕೆ ಇಳಿದ ಮಸಿಯೇ ಇನ್ನೊಂದು ಮಂಕು ಚಿತ್ರ. ಅದು ಕಳ್ಳರ ಕೆಲಸ. ಹಾಗೆ ಮಾಡಿದವರ ಕೈ ಮುರಿಯಬೇಕು ಎನ್ನುತ್ತಿದ್ದರು ನನ್ನ ಗುರುಗಳು. ಮುರಿದರೆ ಮುರಿಯಲಿ ಎಂದು ಬಾಗಿಲು ಹಾಕಿಕೊಂಡು, ಮಧ್ಯಾಹ್ನವಿಡೀ ಉಸಿರು ಬಿಗಿಹಿಡಿದು ಆ ಪದರವನ್ನು ಬೇರ್ಪಡಿಸಿದೆ.

ಕೋಣ ಬಂತು. ಅಷ್ಟೂ ಕಾಲು ಬಂದವು, ಆ ಕಣ್ಣೂ ಬಂತು. ಕುತ್ತಿಗೆಯ ಬಳಿ ಮಾತ್ರ ಬರೀ ಬಿಳಿ. ಒಣ ಕುಂಚದ ಗೀರು ಅಡಿಗೆ ಇಳಿದೇ ಇರಲಿಲ್ಲ. ಇದೇ ಕಸುಬಿನಲ್ಲಿ ತಲೆ ಹಣ್ಣಾದವಳಿಗೆ ಅಷ್ಟೂ ಹೊಳೆಯಬಾರದೆ? ಆಸೆ ನನ್ನ ಬುದ್ಧಿಯನ್ನೇ ತಿಂದಿತ್ತು. ಗೋಳೋ ಎಂದು ಅತ್ತೆ.

ದಝಾವ್ ಬಂದಾಗ ಮುಚ್ಚಿಡಲಿಲ್ಲ. ಎರಡನ್ನೂ ಅವನ ಮುಂದೆ ಹಾಸಿದೆ.

"ಕಳ್ಳತನ ಮಾಡಿದೀನಿ ಕಣೋ. ಬೈತೀಯೋ, ಪೊಲೀಸರನ್ನ ಕರೀತೀಯೋ, ನಿನ್ನಿಷ್ಟ. ಅವನು ಮಾತ್ರ ಬರ್ಲಿಲ್ಲ."

"ಯಾರು ಅತ್ತಿಗೆ?"

ಮೇಲಿನ ಪದರದ ಆ ನಾಲ್ಕು ಗೀರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು.

"ಅಲ್ಲಿ ನಾನು ಯಾರನ್ನೂ ಬರೆದಿಲ್ಲ. ಕುಂಚದಲ್ಲಿ ಮಸಿ ಮುಗಿದಿತ್ತು, ಅಷ್ಟೇ."

ನಾನು ಹೊಸ ಕಾಗದ ಹಾಸಿದೆ. ಕುಂಚವನ್ನು ಮಸಿಯಲ್ಲದ್ದಿ ಅವನ ಕೈಗೆ ತುರುಕಿದೆ.

"ಹಾಗಾದ್ರೆ ಇನ್ನೊಂದು ಕೋಣ ಬರಿ. ಮಸಿ ಮುಗಿಯೋವರೆಗೂ ಬರಿ. ನಾನು ಇಲ್ಲೇ ಕೂತಿರ್ತೀನಿ."